ತಂಬ್ರಹಳ್ಳಿಯಿಂದ ಬೆಂಗಳೂರು: 55 ನಿಮಿಷದ ವಿಮಾನಕ್ಕೆ 5 ಗಂಟೆ 40 ನಿಮಿಷ

ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ 247 ಕಿ.ಮೀ. ಎಪ್ಪತ್ತು ಆಸನಗಳ ಎಟಿಆರ್ ವಿಮಾನಕ್ಕೆ ಇದು 55 ನಿಮಿಷದ ಆಸುಪಾಸಿನ ಕೆಲಸ. ವೇಳಾಪಟ್ಟಿಯಲ್ಲಿ ಈ ಅಂಕಿ ಕಂಡವರಿಗೆ ಹಗರಿಬೊಮ್ಮನಹಳ್ಳಿ ಸೀಮೆಗೆ ಬೆಂಗಳೂರು ಹತ್ತಿರವಾಯಿತು ಅನ್ನಿಸುವುದು ಸಹಜ. ಆದರೆ ವಿಮಾನ ಹೊರಡುವುದು ತೋರಣಗಲ್ಲಿನಿಂದ, ಮನುಷ್ಯ ಹೊರಡುವುದು ತನ್ನ ಮನೆಯಿಂದ. ತಂಬ್ರಹಳ್ಳಿಯ ಮನೆಯಂಗಳದಿಂದ ಮೆಜೆಸ್ಟಿಕ್ಕಿನವರೆಗೆ ಗಡಿಯಾರ ಹಿಡಿದು ಕೂಡಿಸಿದರೆ ಆ 55 ನಿಮಿಷ ಇಡೀ ಪ್ರಯಾಣದ ಆರನೇ ಒಂದು ಪಾಲೂ ಆಗುವುದಿಲ್ಲ.

ಮೊದಲು ದೂರದ ಲೆಕ್ಕ. ಎರಡು ಊರುಗಳ ನಡುವಿನ ಆಕಾಶಮಾರ್ಗದ ದೂರ ತಿಳಿಯಲು ಹೈಸ್ಕೂಲಿನ ಗಣಿತ ಸಾಕು. ವಿದ್ಯಾನಗರ ನಿಲ್ದಾಣ ಇರುವುದು 15.175 ಡಿಗ್ರಿ ಉತ್ತರ ಅಕ್ಷಾಂಶ, 76.634 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಕೆಂಪೇಗೌಡ ನಿಲ್ದಾಣ 13.199 ಮತ್ತು 77.706ರಲ್ಲಿ. ಅಕ್ಷಾಂಶದ ವ್ಯತ್ಯಾಸ 1.976 ಡಿಗ್ರಿ. ಒಂದು ಡಿಗ್ರಿಗೆ 110.6 ಕಿ.ಮೀ.ನಂತೆ ಅದು 218.5 ಕಿ.ಮೀ. ರೇಖಾಂಶದ ವ್ಯತ್ಯಾಸ 1.072 ಡಿಗ್ರಿ. ರೇಖಾಂಶಗಳು ಧ್ರುವದ ಕಡೆ ಹೋದಂತೆ ಒಂದಕ್ಕೊಂದು ಸಮೀಪಿಸುವುದರಿಂದ ನಮ್ಮ ಭಾಗದಲ್ಲಿ ಒಂದು ಡಿಗ್ರಿಗೆ ಸಿಗುವುದು ಸುಮಾರು 107.9 ಕಿ.ಮೀ. ಹಾಗಾಗಿ ಅದು 115.7 ಕಿ.ಮೀ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 247 ಕೈಗೆ ಬರುತ್ತದೆ. ಭೂಮಿಯ ದುಂಡನ್ನು ಲೆಕ್ಕಕ್ಕೆ ತರಬೇಕಾಗುವುದು ದೂರ ಸಾವಿರಾರು ಕಿ.ಮೀ. ಆದಾಗ. ಇಷ್ಟು ಸಣ್ಣ ದೂರಕ್ಕೆ ಪೈಥಾಗೊರಸ್ ಪ್ರಮೇಯವೇ ಧಾರಾಳ. ತಂಬ್ರಹಳ್ಳಿಯ ಹೈಸ್ಕೂಲು ಹುಡುಗರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ತಮ್ಮ ಊರಿನ ಜೊತೆ ಬೆಸೆದ ಗಣಿತ ಮರೆಯುವುದಿಲ್ಲ.

ಇದೇ ರೀತಿ ಲೆಕ್ಕ ಹಾಕಿದರೆ ವಿದ್ಯಾನಗರದಿಂದ ಹೈದರಾಬಾದಿನ ಶಂಶಾಬಾದ್ ನಿಲ್ದಾಣ 298 ಕಿ.ಮೀ., ಹುಬ್ಬಳ್ಳಿ ನಿಲ್ದಾಣದಿಂದ ಬೆಂಗಳೂರು 370 ಕಿ.ಮೀ., ಹುಬ್ಬಳ್ಳಿಯಿಂದ ಮುಂಬೈ 475 ಕಿ.ಮೀ. ಆಗುತ್ತದೆ.

ಇನ್ನು ವೇಗ. ಎಟಿಆರ್ 72 ಮೇಲೇರಿ ನಿಂತ ಮೇಲೆ ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತದೆ. ಆ ಲೆಕ್ಕದಲ್ಲಿ 247 ಕಿ.ಮೀ.ಗೆ 30 ನಿಮಿಷ ಸಾಕು. ಉಳಿದ 25 ನಿಮಿಷ ಎಲ್ಲಿ ಹೋಯಿತು? ವೇಳಾಪಟ್ಟಿಯಲ್ಲಿ ಅಚ್ಚಾಗುವ ಸಮಯ ಬರೀ ಹಾರಾಟದ್ದಲ್ಲ. ನಿಂತ ಜಾಗದಿಂದ ವಿಮಾನ ಅಲುಗಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವವರೆಗಿನ ಒಟ್ಟು ಸಮಯ ಅದು. ರನ್‌ವೇವರೆಗೆ ನೆಲದ ಮೇಲಿನ ಓಟ, ಎತ್ತರಕ್ಕೆ ಏರುವಾಗಿನ ನಿಧಾನ, ಬೆಂಗಳೂರಿನ ಆಕಾಶದಲ್ಲಿ ಇಳಿಯಲು ಸರದಿ, ರನ್‌ವೇಯ ದಿಕ್ಕಿಗೆ ತಿರುಗಲು ಹೊಡೆಯುವ ಸುತ್ತು ಎಲ್ಲ ಅದರೊಳಗೇ ಸೇರುತ್ತವೆ. ಕೆಂಪೇಗೌಡ ನಿಲ್ದಾಣಕ್ಕೆ 2019ರ ಡಿಸೆಂಬರಿನಲ್ಲಿ ಎರಡನೇ ರನ್‌ವೇ ಬಂದರೂ ಸರದಿ ತಪ್ಪಿಲ್ಲ. ಈ 25 ನಿಮಿಷ ದೂರ ಎಷ್ಟೇ ಇರಲಿ ಕೊಡಲೇಬೇಕಾದ ಸುಂಕ. ದಿಲ್ಲಿಗೆ ಹೋಗುವವನೂ ಹೆಚ್ಚುಕಮ್ಮಿ ಅಷ್ಟೇ ಕೊಡುತ್ತಾನೆ, ತೋರಣಗಲ್ಲಿನಿಂದ ಬರುವವನೂ ಅಷ್ಟೇ ಕೊಡುತ್ತಾನೆ. ದೂರ ಕಡಿಮೆಯಾದಷ್ಟೂ ಈ ಸುಂಕ ಭಾರವಾಗುತ್ತದೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ದಾರಿ ಹಿಡಿದು ಬೆಂಗಳೂರಿಗೆ ನೇರ ವಿಮಾನ ತಂದಿತು. ಸುಮಾರು 14,000 ಕಿ.ಮೀ., ಸುಮಾರು 17 ಗಂಟೆ. ಸರಾಸರಿ ವೇಗ ಗಂಟೆಗೆ 823 ಕಿ.ಮೀ. ನಮ್ಮ ವಿದ್ಯಾನಗರದ ವಿಮಾನಕ್ಕೆ ಅದೇ ಸರಾಸರಿ 269. ಎಟಿಆರ್ ಪ್ರೊಪೆಲ್ಲರ್ ವಿಮಾನ, ಅದು ಜೆಟ್ ಎನ್ನುವುದು ಒಂದು ಕಾರಣ. ದೂರ ಚಿಕ್ಕದು ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ತಂಬ್ರಹಳ್ಳಿಯ ಪ್ರಯಾಣಿಕನ ನಿಜವಾದ ವೇಗ ಇನ್ನೂ ಕೆಳಗೆ ಇಳಿಯುತ್ತದೆ. ಎಷ್ಟಕ್ಕೆ ಎನ್ನುವುದನ್ನು ಒಂದೊಂದಾಗಿ ಕೂಡಿಸೋಣ.

ತಂಬ್ರಹಳ್ಳಿ ಹೋಬಳಿ ಕೇಂದ್ರ. ಅಲ್ಲಿಂದ ತಾಲೂಕು ಕೇಂದ್ರ ಹಗರಿಬೊಮ್ಮನಹಳ್ಳಿ, ಮುಂದೆ ಮರಿಯಮ್ಮನಹಳ್ಳಿ ಮೇಲೆ ಹೊಸಪೇಟೆ, ಹೊಸಪೇಟೆಯಿಂದ ಬಳ್ಳಾರಿ ರಸ್ತೆಯಲ್ಲಿ ಪಾಪಿನಾಯಕನಹಳ್ಳಿ ದಾಟಿ ತೋರಣಗಲ್ಲು. ಒಟ್ಟು 85 ಕಿ.ಮೀ. ಎಂದಿಟ್ಟುಕೊಳ್ಳಿ. ಕೊನೆಯ ತುಂಡಿನಲ್ಲಿ ಅದಿರಿನ ಲಾರಿಗಳು, ಉಕ್ಕು ಹೊತ್ತ ಟ್ರೇಲರ್‌ಗಳು ಸಾಲುಗಟ್ಟಿರುತ್ತವೆ. ಒಂದು ಟ್ರೇಲರಿನ ಹಿಂದೆ ಸಿಕ್ಕಿಕೊಂಡರೆ ಹತ್ತು ನಿಮಿಷ ಹೋದದ್ದೇ ಗೊತ್ತಾಗದು. ಸ್ವಂತ ಕಾರು ಅಥವಾ ಬಾಡಿಗೆ ಗಾಡಿಯಲ್ಲಿ ಎರಡು ಗಂಟೆ ಹಿಡಿಯಬೇಕು. ಸಣ್ಣ ನಿಲ್ದಾಣವಾದರೂ ಹಾರಾಟಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಬೇಕು. ವಿಮಾನದಲ್ಲಿ 55 ನಿಮಿಷ. ದೇವನಹಳ್ಳಿಯಲ್ಲಿ ಇಳಿದು ಬ್ಯಾಗು ಹಿಡಿದು ಹೊರಬರಲು ಅರ್ಧ ಗಂಟೆ. ಅಲ್ಲಿಂದ ಮೆಜೆಸ್ಟಿಕ್ 35 ಕಿ.ಮೀ. ವಾಯುವಜ್ರ ಬಸ್ಸಿಗೆ ಹೆಬ್ಬಾಳದ ಟ್ರಾಫಿಕ್ಕು ಸೇರಿ ಒಂದೂಕಾಲು ಗಂಟೆ.

ಕೂಡಿಸಿದರೆ 5 ಗಂಟೆ 40 ನಿಮಿಷ. ತಂಬ್ರಹಳ್ಳಿಗೂ ಮೆಜೆಸ್ಟಿಕ್ಕಿಗೂ ನೇರ ದೂರ ಸುಮಾರು 275 ಕಿ.ಮೀ. ಅಂದರೆ ಇಡೀ ಪ್ರಯಾಣದ ಸರಾಸರಿ ವೇಗ ಗಂಟೆಗೆ 49 ಕಿ.ಮೀ. ಬಸ್ಸನ್ನೇ ನಂಬಿ ಹೊಸಪೇಟೆಯಲ್ಲಿ ಒಮ್ಮೆ, ತೋರಣಗಲ್ಲಿನಲ್ಲಿ ಆಟೊಗೆ ಇನ್ನೊಮ್ಮೆ ಇಳಿದು ಹತ್ತುವವರಿಗೆ ಇದು ಆರೂವರೆ ಗಂಟೆ ದಾಟುತ್ತದೆ.

ಅದೇ ಕಾರು ತೋರಣಗಲ್ಲಿನ ಕಡೆ ತಿರುಗದೆ ಕೂಡ್ಲಿಗಿ ದಾರಿ ಹಿಡಿದರೆ? ಕೂಡ್ಲಿಗಿಯಿಂದ ರಾಷ್ಟ್ರೀಯ ಹೆದ್ದಾರಿ 50 ಚಿತ್ರದುರ್ಗಕ್ಕೆ, ಅಲ್ಲಿಂದ ಹೆದ್ದಾರಿ 48 ಹಿರಿಯೂರು, ಸಿರಾ, ತುಮಕೂರು ಮೇಲೆ ಬೆಂಗಳೂರಿಗೆ. ಒಟ್ಟು 320 ಕಿ.ಮೀ. ಆಸುಪಾಸು. ಊಟ, ಚಹಾ, ಟೋಲ್ ಸೇರಿಸಿ ಗಂಟೆಗೆ 55 ಕಿ.ಮೀ. ಸರಾಸರಿ ಹಿಡಿದರೂ 5 ಗಂಟೆ 50 ನಿಮಿಷ. ವಿಮಾನ ಉಳಿಸಿದ್ದು ಹತ್ತು ನಿಮಿಷ. ತುಮಕೂರು ರಸ್ತೆಯಲ್ಲಿ ಒಂದು ದಿನ ಟ್ರಾಫಿಕ್ಕು ಕಮ್ಮಿ ಇದ್ದರೆ ಅದೂ ಇಲ್ಲ.

ಬಸ್ಸಿನ ಸರಾಸರಿ ಗಂಟೆಗೆ 40 ಕಿ.ಮೀ. ಎಂಟು ಗಂಟೆ. ಇಲ್ಲಿ ವಿಮಾನ 2 ಗಂಟೆ 20 ನಿಮಿಷ ಮುಂದಿದೆ ಎಂದು ಹೇಳಲೇಬೇಕು. ಆದರೆ ಈ ಭಾಗದ ಜನ ಬೆಂಗಳೂರಿಗೆ ಹೋಗುವುದು ರಾತ್ರಿ. ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ ನೋಡಿ, "ರಾತ್ರಿ ಕುಂತ್ರ ಮುಂಜಾನೆ ಬೆಂಗ್ಳೂರು" ಅನ್ನುತ್ತಾರೆ. ಆ ಎಂಟು ಗಂಟೆ ಅವರ ದುಡಿಮೆಯ ಹೊತ್ತಲ್ಲ, ನಿದ್ದೆಯ ಹೊತ್ತು. ಹಗಲಿನ ವಿಮಾನ ತಿನ್ನುವ ಐದೂಮುಕ್ಕಾಲು ಗಂಟೆ ದುಡಿಯುವ ದಿನದೊಳಗಿಂದಲೇ ಹೋಗುತ್ತದೆ. ಆಸ್ಪತ್ರೆಯಲ್ಲಿ ಬೆಳಗ್ಗೆ ಹತ್ತಕ್ಕೆ ಚೀಟಿ ಮಾಡಿಸಬೇಕಾದ ರೋಗಿಗೆ, ವಿಧಾನಸೌಧದ ಕಚೇರಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿರಬೇಕಾದ ರೈತನಿಗೆ ರಾತ್ರಿ ಬಸ್ಸೇ ಹೆಚ್ಚು ವೇಗದ್ದು.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಬಾಡಿಗೆ ಗಾಡಿಯವರು ಬಿಟ್ಟು ಬರುವುದಕ್ಕೂ ಹೋಗಿ-ಬರುವ ಲೆಕ್ಕವನ್ನೇ ಹಿಡಿಯುತ್ತಾರೆ. 170 ಕಿ.ಮೀ.ಗೆ ಕಿ.ಮೀ.ಗೆ 13 ರೂಪಾಯಿಯಂತೆ 2,210 ರೂಪಾಯಿ. ವಿಮಾನದ ಟಿಕೆಟ್ಟಿಗೆ 2,500 ಹಿಡಿಯೋಣ. ಇದು ಉಡಾನ್ ಯೋಜನೆ ಶುರುವಾದಾಗ ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟಕ್ಕೆ ಕೇಂದ್ರ ಸರ್ಕಾರ ಹೇಳಿದ್ದ ಮಿತಿ. ಆ ಮಿತಿ ವಿಮಾನದ ಅರ್ಧದಷ್ಟು ಆಸನಗಳಿಗೆ ಮಾತ್ರ. ಉಳಿದರ್ಧ ಸೀಟಿನ ದರ ಬೇಡಿಕೆ ಎಳೆದತ್ತ. ವಾಯುವಜ್ರಕ್ಕೆ 300. ಒಟ್ಟು 5,010 ರೂಪಾಯಿ. ವೇಗದೂತ ಬಸ್ಸಿಗೆ ಕಿ.ಮೀ.ಗೆ 1 ರೂಪಾಯಿ 35 ಪೈಸೆ ಹಿಡಿದರೆ 432. ವ್ಯತ್ಯಾಸ 4,578. ಇದನ್ನು ಉಳಿದ 2 ಗಂಟೆ 20 ನಿಮಿಷಕ್ಕೆ ಹಂಚಿದರೆ ಉಳಿಸಿದ ಪ್ರತಿ ಗಂಟೆಗೆ ಬೆಲೆ 1,960 ರೂಪಾಯಿ ಬೀಳುತ್ತದೆ.

ಕರ್ನಾಟಕದಲ್ಲಿ 2025–26ಕ್ಕೆ ನಿಗದಿಯಾದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಗಂಟೆ ಉಳಿಸಲು ಐದು ದಿನ ಮಣ್ಣು ಹೊರಬೇಕು.

ಹೆಣ್ಣುಮಕ್ಕಳ ಲೆಕ್ಕ ಇನ್ನೂ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಬೆಂಗಳೂರಿನವರೆಗಿನ ಟಿಕೆಟ್ ಸೊನ್ನೆ. ರಾಜಹಂಸ, ಸ್ಲೀಪರ್ ಬಸ್ಸುಗಳಿಗೆ ಈ ಸೌಲಭ್ಯ ಇಲ್ಲ. ಅವರಿಗೆ ವಿಮಾನ ಉಳಿಸುವ ಗಂಟೆಯ ಬೆಲೆ 2,150 ರೂಪಾಯಿ. ನಾಲ್ಕು ಜನ ಒಟ್ಟಿಗೆ ಹೋದರೆ ಬಾಡಿಗೆ ಹಂಚಿಹೋಗಿ ವಿಮಾನದ ದಾರಿ ತಲಾ 3,350ಕ್ಕೆ ಇಳಿಯುತ್ತದೆ. ಆದರೆ ಅದೇ ನಾಲ್ವರು ಸ್ವಂತ ಕಾರಿನಲ್ಲಿ ಹೋದರೆ ಲೀಟರಿಗೆ 15 ಕಿ.ಮೀ.ನಂತೆ 21 ಲೀಟರ್ ಪೆಟ್ರೋಲು, ಮೇಲೆ ಟೋಲು, ಎಲ್ಲ ಸೇರಿ 2,700ರೊಳಗೆ ಮುಗಿಯುತ್ತದೆ. ತಲಾ 675.

ಲಗೇಜನ್ನೂ ತೂಗಬೇಕು. ಬೆಂಗಳೂರಿನಲ್ಲಿ ಓದುವ ಮಗನಿಗೆ, ಗಾರ್ಮೆಂಟ್ಸಿನಲ್ಲಿ ದುಡಿಯುವ ಮಗಳಿಗೆ ಊರಿನಿಂದ ಹೋಗುವುದು ಬರೀ ಮನುಷ್ಯರಲ್ಲ. ಅರ್ಧ ಚೀಲ ಬಿಳಿಜೋಳ, ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಪುಡಿ, ಗುರೆಳ್ಳು ಪುಡಿ, ಒಂದು ಡಬ್ಬಿ ಉಪ್ಪಿನಕಾಯಿ ಜೊತೆಗೇ ಹೊರಡುತ್ತವೆ. ಸರ್ಕಾರಿ ಬಸ್ಸಿನಲ್ಲಿ ಒಬ್ಬರಿಗೆ 30 ಕೆ.ಜಿ. ಉಚಿತ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಸಿಗುವುದು 15 ಕೆ.ಜಿ., ಕೈಚೀಲ ಬೇರೆ. ಜೋಳದ ಚೀಲಕ್ಕೆ ಅಲ್ಲಿ ದಂಡ ಕಟ್ಟಬೇಕು.

ಇಂಧನವನ್ನೂ ಇದೇ ಪುಟದಲ್ಲಿ ಬರೆದಿಡೋಣ. ಇಷ್ಟು ದೂರಕ್ಕೆ ಎಟಿಆರ್ ಸುಮಾರು 450 ಕೆ.ಜಿ. ಇಂಧನ ಸುಡುತ್ತದೆ ಎಂದು ಅಂದಾಜಿಸಬಹುದು. ಒಂದು ಕೆ.ಜಿ. ವಿಮಾನ ಇಂಧನ ಸುಟ್ಟರೆ 3.16 ಕೆ.ಜಿ. ಇಂಗಾಲದ ಡೈಆಕ್ಸೈಡ್. ಎಪ್ಪತ್ತೂ ಆಸನ ತುಂಬಿದರೆ ತಲಾ 20 ಕೆ.ಜಿ. ಬಸ್ಸು ಲೀಟರಿಗೆ 5 ಕಿ.ಮೀ. ಓಡಿದರೆ 320 ಕಿ.ಮೀ.ಗೆ 64 ಲೀಟರ್ ಡೀಸೆಲ್. ಲೀಟರಿಗೆ 2.68 ಕೆ.ಜಿ.ಯಂತೆ, ಐವತ್ತು ಜನಕ್ಕೆ ಹಂಚಿದರೆ ತಲಾ ಮೂರೂವರೆ ಕೆ.ಜಿ.ಗೂ ಕಡಿಮೆ. ಒಂದಕ್ಕೆ ಆರರಷ್ಟು ಅಂತರ.

ಹಾಗಾದರೆ ಎಷ್ಟು ದೂರದಿಂದ ವಿಮಾನ ಗೆಲ್ಲುತ್ತದೆ? ತಂಬ್ರಹಳ್ಳಿಯವರಿಗೆ ದೂರ ಎಷ್ಟಿದ್ದರೂ ಬದಲಾಗದ ಸಮಯ ಹೀಗಿದೆ: ನಿಲ್ದಾಣಕ್ಕೆ 2 ಗಂಟೆ, ಕಾಯಲು 1, ಹೊರಬರಲು ಅರ್ಧ, ನಗರದೊಳಕ್ಕೆ ಒಂದೂಕಾಲು, ಏರಿಳಿತದ ಸುಂಕ 25 ನಿಮಿಷ. ಒಟ್ಟು 5 ಗಂಟೆ 10 ನಿಮಿಷ. ಇಷ್ಟನ್ನು ಮೊದಲೇ ಕಳೆದುಕೊಂಡ ವಿಮಾನ, ಗಂಟೆಗೆ 55 ಕಿ.ಮೀ. ಓಡುವ ಕಾರನ್ನು ಹಿಡಿಯುವುದು ರಸ್ತೆಯ 311ನೇ ಕಿ.ಮೀ. ಹತ್ತಿರ. 40ರಲ್ಲಿ ಓಡುವ ಬಸ್ಸನ್ನು 220ರಲ್ಲೇ ಹಿಡಿಯುತ್ತದೆ. ಬೆಂಗಳೂರು ಇರುವುದು 320ರಲ್ಲಿ. ವಿಮಾನ ಗೆಲ್ಲಲು ಶುರುಮಾಡುವ ಗೆರೆಯ ಮೇಲೇ ಬೆಂಗಳೂರು ಕೂತಿದೆ. ಕಾರಿರುವವರು ವಿಮಾನ ಹತ್ತಲು ಯಾಕೆ ಹಿಂದೆಮುಂದೆ ನೋಡುತ್ತಾರೆ, ಬಸ್ಸಿನವರು ದರ ಕೇಳಿ ಯಾಕೆ ಹಿಂದೆ ಸರಿಯುತ್ತಾರೆ ಎನ್ನುವುದಕ್ಕೆ ಈ ಎರಡು ಅಂಕಿ ಸಾಕು.

ವಿದ್ಯಾನಗರದ ಹಾರಾಟ ಬಿಟ್ಟುಬಿಟ್ಟು ನಡೆಯುತ್ತ ಬಂದಿರುವುದಕ್ಕೂ ಇದೇ ಬೇರು. ಈ ನಿಲ್ದಾಣ ಜಿಂದಾಲ್ ಉಕ್ಕು ಕಾರ್ಖಾನೆಯ ಅಗತ್ಯಕ್ಕೆ ಹುಟ್ಟಿದ್ದು. ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದಿಲ್ಲಿಗೆ ಹಾರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಟ್ರೂಜೆಟ್ ವಿದ್ಯಾನಗರಕ್ಕೆ ಬಂತು. ಉಡಾನ್ ಅಡಿ ಕಂಪನಿಯ ನಷ್ಟ ತುಂಬುವ ಹಣ ಸಿಗುವುದು ಮೂರು ವರ್ಷ. ಅದರಲ್ಲಿ ಶೇ 80 ಕೇಂದ್ರದ್ದು, ಶೇ 20 ರಾಜ್ಯದ್ದು. ಮೂರು ವರ್ಷದೊಳಗೆ ದಾರಿ ತನ್ನ ಕಾಲ ಮೇಲೆ ನಿಲ್ಲಬೇಕು ಎನ್ನುವುದು ಯೋಜನೆಯ ನಂಬಿಕೆ. ಮೂರನೇ ವರ್ಷ ಬರುವ ಹೊತ್ತಿಗೆ ಕೊರೊನಾ ಬಂತು. 2022ರ ಫೆಬ್ರವರಿಯಲ್ಲಿ ಟ್ರೂಜೆಟ್ ಕಂಪನಿಯ ವಿಮಾನಗಳೆಲ್ಲ ನೆಲ ಹಿಡಿದವು. ಆಮೇಲೆ ಅಲಯನ್ಸ್ ಏರ್ ಬಂತು. ಗೆರೆಯ ಮೇಲಿರುವ ದೂರಕ್ಕೆ ಸಬ್ಸಿಡಿ ಇರುವಷ್ಟು ದಿನ ಜನ ಸಿಗುತ್ತಾರೆ, ದರ ಏರಿದರೆ ಕಾರಿಗೆ ಹೋಗುತ್ತಾರೆ. ಬಳ್ಳಾರಿ ಹತ್ತಿರ ಚಾಗನೂರು–ಸಿರಿವಾರದಲ್ಲಿ ಹೊಸ ನಿಲ್ದಾಣಕ್ಕೆಂದು ನೀರಾವರಿ ಭೂಮಿ ಕೇಳಿದಾಗ ರೈತರು ವರ್ಷಗಟ್ಟಲೆ ಎದುರು ನಿಂತರು. ಅವರ ಮಾತಿನಲ್ಲಿ ಹುರುಳಿತ್ತು ಎಂದು ಈ ಲೆಕ್ಕ ಮುಗಿಸಿದ ಮೇಲೆ ನನಗೆ ಮತ್ತಷ್ಟು ಗಟ್ಟಿಯಾಗಿ ಅನ್ನಿಸುತ್ತದೆ.

ಇಷ್ಟೆಲ್ಲ ಹೇಳಿದ್ದು ವಿಮಾನ ಬೇಡ ಎನ್ನುವುದಕ್ಕಲ್ಲ. ದೂರ ಬೆಳೆದಂತೆ ಲೆಕ್ಕ ಪೂರಾ ತಿರುಗಿಬೀಳುತ್ತದೆ. ದಿಲ್ಲಿಯನ್ನೇ ತೆಗೆದುಕೊಳ್ಳಿ. ರೈಲಿಗೆ ಹೋಗುವವರು ಗುಂತಕಲ್ಲಿಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ಊರಿನಿಂದ ಗುಂತಕಲ್ಲಿಗೆ ನಾಲ್ಕು ಗಂಟೆ, ಮುಂದೆ ಸುಮಾರು 33 ಗಂಟೆ, ಒಟ್ಟು 37. ಖರ್ಚು ಸ್ಲೀಪರಿನಲ್ಲಿ ಎಲ್ಲ ಸೇರಿ 1,200 ಅನ್ನೋಣ. ಅದೇ ವೇಗದೂತ ಬಸ್ಸಿಗೆ ಬೆಂಗಳೂರಿಗೆ ಹೋಗಿ, ವಾಯುವಜ್ರ ಹತ್ತಿ, ಎರಡು ಗಂಟೆ ಮೊದಲು ನಿಲ್ದಾಣ ಸೇರಿ, 1,700 ಕಿ.ಮೀ. ದೂರವನ್ನು 2 ಗಂಟೆ 45 ನಿಮಿಷದಲ್ಲಿ ಹಾರಿ ಹೊರಬಂದರೆ ಹದಿನಾಲ್ಕೂವರೆ ಗಂಟೆ. ಟಿಕೆಟ್ಟಿಗೆ 6,500 ಹಿಡಿದರೆ ಒಟ್ಟು ಖರ್ಚು 7,230ರ ಆಸುಪಾಸು. ಉಳಿದದ್ದು ಇಪ್ಪತ್ತೆರಡೂವರೆ ಗಂಟೆ, ಹೆಚ್ಚು ಕೊಟ್ಟದ್ದು 6,030 ರೂಪಾಯಿ. ಗಂಟೆಗೆ 268. ಬೆಂಗಳೂರಿಗೆ ಹಾರುವಾಗ 1,960 ಇದ್ದ ಬೆಲೆ ದಿಲ್ಲಿಗೆ ಬಂದಾಗ ಒಂದು ದಿನದ ಕೂಲಿಗಿಂತ ಕೆಳಗಿಳಿಯಿತು. ದುಬೈಗಂತೂ 2,700 ಕಿ.ಮೀ. ಹೋಗುವಾಗ ನಾಲ್ಕು ಗಂಟೆ, ಬರುವಾಗ ಪಶ್ಚಿಮದ ಗಾಳಿ ಹಿಂದಿನಿಂದ ತಳ್ಳುವುದರಿಂದ ಅದಕ್ಕಿಂತ ಕಡಿಮೆ. ಅಲ್ಲಿಗೆ ಬೇರೆ ದಾರಿಯ ಮಾತೇ ಇಲ್ಲ.

ಅಂದಮೇಲೆ ನಮ್ಮ ಭಾಗದವರಿಗೆ ಬೇಕಾದದ್ದು ಬೆಂಗಳೂರಿಗೆ ಹಾರುವ ಅನುಕೂಲಕ್ಕಿಂತ ಹೆಚ್ಚಾಗಿ, ಬೆಂಗಳೂರು ಮತ್ತು ಹುಬ್ಬಳ್ಳಿಯ ನಿಲ್ದಾಣಗಳನ್ನು ನೇರ ಮುಟ್ಟುವ ದಾರಿ. ಹುಬ್ಬಳ್ಳಿ ನಿಲ್ದಾಣ ಹಗರಿಬೊಮ್ಮನಹಳ್ಳಿಯಿಂದ ಆಕಾಶಮಾರ್ಗದಲ್ಲಿ 126 ಕಿ.ಮೀ. ಅಷ್ಟೇ. ನಡುವೆ ತುಂಗಭದ್ರೆಯ ಹಿನ್ನೀರು ಹರಡಿಕೊಂಡಿರುವುದರಿಂದ ಹಡಗಲಿ ಕಡೆ ಸುತ್ತಿ, ನದಿ ದಾಟಿ, ಮುಂಡರಗಿ, ಗದಗ ಮೇಲೆ ಹೋಗಬೇಕು. 160 ಕಿ.ಮೀ. ಮೀರುತ್ತದೆ. ಆದರೂ ತಂಬ್ರಹಳ್ಳಿಯಂಥ ಊರಿಗೆ ದಿಲ್ಲಿ, ಮುಂಬೈ ಹಾರಾಟಕ್ಕೆ ಇದು ಒಳ್ಳೆಯ ದಾರಿ. ಇದನ್ನು ಉಪಯೋಗಿಸುವವರು ಕಡಿಮೆ, ಬೆಳಗಿನ ವಿಮಾನಕ್ಕೆ ಹೊಂದುವ ಬಸ್ಸಿಲ್ಲದಿದ್ದರೆ ಉಪಯೋಗಿಸುವುದಾದರೂ ಹೇಗೆ?

ದೇವನಹಳ್ಳಿಯ ದಾರಿಯಲ್ಲಿ ಇನ್ನೊಂದು ಉಳಿತಾಯ ಇದೆ. ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ಹೊಸ ವರ್ತುಲ ಹೆದ್ದಾರಿಯಲ್ಲಿ ನೇರ ದೇವನಹಳ್ಳಿ. ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳ ಯಾವುದೂ ಅಡ್ಡ ಬರುವುದಿಲ್ಲ. ಈಗ ರಾತ್ರಿ ಬಸ್ಸಿನಲ್ಲಿ ಮೆಜೆಸ್ಟಿಕ್ಕಿಗೆ ಹೋಗಿ, ಮತ್ತೆ 35 ಕಿ.ಮೀ. ಉತ್ತರಕ್ಕೆ ವಾಪಸು ಬರುವ ಪ್ರಯಾಣಿಕ ಎರಡು ಗಂಟೆಯನ್ನೂ 300 ರೂಪಾಯಿಯನ್ನೂ ಅನ್ಯಾಯವಾಗಿ ಕಳೆಯುತ್ತಾನೆ. ಮೈಸೂರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನಿಲ್ದಾಣದ ಬಾಗಿಲಿಂದಲೇ ಹೊರಡುತ್ತದೆ. ಅಂಥದ್ದೊಂದು ಬಸ್ಸು ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಚಿತ್ರದುರ್ಗ, ಡಾಬಸ್‌ಪೇಟೆ ಮಾರ್ಗದಲ್ಲಿ ಓಡಿದರೆ ಒಂದು ಸರ್ತಿಗೆ 360 ಕಿ.ಮೀ. ಆಸುಪಾಸು, 72 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೂ ಇಂಧನಕ್ಕೆ 6,480. ಮೇಲೆ ಚಾಲಕ-ನಿರ್ವಾಹಕರ ಸಂಬಳ, ಟೋಲು, ಸವಕಳಿ. 800 ರೂಪಾಯಿ ಟಿಕೆಟ್ಟಿಟ್ಟರೆ ಎಂಟೊಂಬತ್ತು ಜನ ಹತ್ತಿದರೇ ಡೀಸೆಲ್ ಖರ್ಚು ಹುಟ್ಟುತ್ತದೆ.

ರೈಲಿನ ಪ್ರಮಾಣವನ್ನೂ ಎದುರಿಗಿಟ್ಟುಕೊಳ್ಳಬೇಕು. ಹೊಸಪೇಟೆ–ಹಗರಿಬೊಮ್ಮನಹಳ್ಳಿ–ಕೊಟ್ಟೂರು ಹಳಿ ಮೀಟರ್‌ಗೇಜ್ ಕಾಲದ್ದು. ಬ್ರಾಡ್‌ಗೇಜ್ ಆಗಿ, ಕೊಟ್ಟೂರಿನಿಂದ ಹರಪನಹಳ್ಳಿ ಮೇಲೆ ಹರಿಹರಕ್ಕೆ ಕೂಡಿಕೊಂಡು, ಹೊಸಪೇಟೆ–ಹರಿಹರ ಪ್ಯಾಸೆಂಜರ್ ಓಡತೊಡಗಿದ್ದು 2019ರಲ್ಲಿ. ಹಗರಿಬೊಮ್ಮನಹಳ್ಳಿಯಿಂದ ಹರಿಹರ ಸುಮಾರು 100 ಕಿ.ಮೀ., ಅಲ್ಲಿಂದ ಬೆಂಗಳೂರು ಸುಮಾರು 340. ರಸ್ತೆಗಿಂತ 120 ಕಿ.ಮೀ. ಹೆಚ್ಚು ನಿಜ. ಆದರೆ ಈ ದಾರಿಯ ರಾತ್ರಿ ರೈಲಿಗೆ ಹತ್ತು ಸ್ಲೀಪರ್ ಬೋಗಿ ಇದ್ದರೆ, ಬೋಗಿಗೆ 72ರಂತೆ 720 ಬರ್ತ್. ಒಂದು ಎಟಿಆರ್‌ನಲ್ಲಿ ಹಿಡಿಸುವುದು 70 ಜನ. ಒಂದು ರಾತ್ರಿಯ ರೈಲು ಹತ್ತು ವಿಮಾನದ ಜನರನ್ನು, ಅವರ ಜೋಳದ ಚೀಲಗಳ ಸಮೇತ, ಕೊಟ್ಟೂರು, ಹರಪನಹಳ್ಳಿಯಂಥ ಊರುಗಳಲ್ಲೂ ನಿಂತು ಹತ್ತಿಸಿಕೊಂಡು ಹೋಗುತ್ತದೆ. ಉಡಾನ್‌ಗೆ ರಾಜ್ಯ ಕೊಡುವ ಶೇ 20ರ ಪಾಲಿನ ಬಗ್ಗೆ ಮಾತಾಡುವಾಗ ಶಾಸಕರು, ಸಂಸದರು ಈ ಹಳಿಯ ಮೇಲೆ ವಾರಕ್ಕೆ ಎಷ್ಟು ರಾತ್ರಿ ರೈಲು, ಎಷ್ಟು ಬೋಗಿ ಎಂದೂ ಅದೇ ಸಭೆಯಲ್ಲಿ ಕೇಳಲಿ. ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನ ವೇಳಾಪಟ್ಟಿಯನ್ನು ಹೊಸಪೇಟೆ ವಿಭಾಗದ ಸಾರಿಗೆ ಅಧಿಕಾರಿಗಳ ಮುಂದಿಡಲಿ.